ನೀರಿಗೆ ಮೂರು ಪೆಟ್ಟು

ನಮ್ಮ ಹೊಳೆಯಲ್ಲಿ ಮೊಸಳೆ ಇದೆಯೆಂದು ಮೊತ್ತಮೊದಲು ಲಿಖಿತವಾಗಿ ತಿಳಿಸಿದವನು ನಾನು. ಇದನ್ನು ಆರಂಭದಲ್ಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಈಗ ನಮ್ಮೂರಿನಲ್ಲಿ ಮೊಸಳೆಯನ್ನು ಮೊದಲು ಕಂಡವರ ಸಂಖ್ಯೆ ಮತದಾರರ ಸಂಖ್ಯೆಗೆ ಹತ್ತಿರವಾಗುತ್ತಿದೆ. ನಾನು ಅರ್ಜಿ ಬರೆದ ಕಾಲದಲ್ಲಿ ಇವರಲ್ಲಿ ಒಬ್ಬರಿಗೂ ಅದು ಕಂಡಿರಲಿಲ್ಲ. ಒಂದು ಮದುವೆಯ ಊಟದ ಪಂಕ್ತಿಯಲ್ಲಿ, ನನ್ನಿಂದ ಮೂರನೆಯ ಎಲೆಗೆ ಕುಳಿತಿದ್ದ ಮನುಷ್ಯ, ಪಾಯಸ ಬರುವ ಹೊತ್ತಿಗೆ, ಎಲ್ಲರಿಗೂ ಕೇಳುವಂತೆ ಹೇಳಿದ್ದ: "ರೈಟ್ರು ಕಂಡದ್ದು ಮೊಸಳೆ ಅಲ್ಲ ಮಾರಾಯ್ರೆ, ತೆಂಗಿನ ಮರದ ತುಂಡು. ಮೊದಲು ಕನ್ನಡಕ ಬದಲಿಸ್ಲಿ." ಆ ದಿನ ನಾನು ಎರಡನೆಯ ಸಲ ಪಾಯಸ ಹಾಕಿಸಿಕೊಳ್ಳಲಿಲ್ಲ. ಈಗ ಅದೇ ಮನುಷ್ಯ ಭಾನುವಾರಗಳಂದು ತನ್ನ ನೆಂಟರನ್ನು ಸೇತುವೆಯ ಮೇಲೆ ನಿಲ್ಲಿಸಿ, ಬೆರಳು ಚಾಚಿ, ಮೊಸಳೆಯ ವಯಸ್ಸನ್ನೂ ಹೇಳುತ್ತಾನೆ.

ರೈಟ್ರು ಎಂದರೆ ನಾನು. ಕುಂಬಳೆಯ ಒಂದು ಮಹಡಿಯ ಕೋಣೆಯಲ್ಲಿ ಕುಳಿತು ಮೂವತ್ತೆಂಟು ವರ್ಷ ಊರವರ ಜಮೀನಿನ ದಸ್ತಾವೇಜುಗಳನ್ನು ಬರೆದವನು. ಯಾವುದು ಎಲ್ಲಿ ಮುಗಿಯುತ್ತದೆ, ಅದರಾಚೆ ಯಾರದ್ದು ಆರಂಭವಾಗುತ್ತದೆ ಎಂಬುದನ್ನು ನಾಲ್ಕು ದಿಕ್ಕುಗಳಿಂದಲೂ ಖಚಿತಪಡಿಸಿಕೊಳ್ಳದೆ ಒಂದು ಸಾಲೂ ಬರೆಯದ ಅಭ್ಯಾಸ ಆ ಕೆಲಸದಿಂದ ಬಂದದ್ದು. ಕೆಲಸ ಬಿಟ್ಟು ಹದಿಮೂರು ವರ್ಷಗಳಾದವು, ಅಭ್ಯಾಸ ಬಿಟ್ಟಿಲ್ಲ.

ನನ್ನ ಮನೆ ಹೊಳೆಯ ತೆಂಕು ದಡದಲ್ಲಿದೆ. ಶಿರಿಯದಲ್ಲಿ ಸಮುದ್ರ ಸೇರುವುದಕ್ಕೆ ಎಷ್ಟೋ ಮೊದಲು, ನಮ್ಮ ಕಲ್ಲಿನ ಮೆಟ್ಟಿಲುಗಳ ಎದುರು, ಹೊಳೆ ತಿರುವು ತೆಗೆದುಕೊಂಡು ಆಳವಾದ ಮಡುವಾಗಿ ನಿಲ್ಲುತ್ತದೆ. ಸೇತುವೆ ಆಗುವುದಕ್ಕೆ ಮೊದಲು ಇಲ್ಲೇ ದೋಣಿಯ ಕಡವು ಇತ್ತು. ಕಡವಿನ ದೋಣಿ ನಡೆಸುತ್ತಿದ್ದ ಮುದುಕ ನನಗೆ ಏಳನೆಯ ವಯಸ್ಸಿನಲ್ಲಿ ಈಜು ಕಲಿಸಿದ; ಈಜಿಗಿಂತ ಮೊದಲು ಇನ್ನೊಂದನ್ನು ಕಲಿಸಿದ. ನೀರಿಗೆ ಇಳಿಯುವ ಮುನ್ನ ಕೊತ್ತಳಿಗೆಯಿಂದ, ಅಂದರೆ ತೆಂಗಿನ ಗರಿಯ ಅಗಲವಾದ ಬುಡದಿಂದ, ನೀರಿನ ಮೇಲೆ ಮೂರು ಪೆಟ್ಟು ಬಡಿಯಬೇಕು. ಬಡಿದು, ನೂರು ಎಣಿಸುವಷ್ಟು ಹೊತ್ತು ನಿಲ್ಲಬೇಕು.

"ಒಬ್ಬರ ಮನೆಗೆ ಹೋಗುವಾಗ ಬಾಗಿಲು ತಟ್ಟುದಿಲ್ವಾ?" ಎಂದು ಅವನು ಕೇಳಿದ್ದ. "ಇದು ಅದರ ಮನೆ. ಮೂರು ಪೆಟ್ಟು ಹಾಕು. ಅದು ಒಳಗಿನ ಕೋಣೆಗೆ ಹೋಗ್ತದೆ. ಮತ್ತೆ ನೀನು ಇಳಿ."

ಅವನು ಮೊಸಳೆಯನ್ನು ಹೆಸರೆತ್ತಿ ಕರೆಯುತ್ತಿರಲಿಲ್ಲ. ಅದರ ಒಳಗಿನ ಕೋಣೆಯೆಂದರೆ ಬಡಗು ದಡದ ಕೇದಗೆಯ ಪೊದೆ. ಮೂರನೆಯ ಪೆಟ್ಟು ಬಿದ್ದೊಡನೆ, ಎಳೆ ಬಿಸಿಲಿಗೆ ಮೈಯೊಡ್ಡಿ ಮಲಗಿದ್ದ ಆ ಬೂದು ದೇಹ ಹೊಟ್ಟೆಯ ಮೇಲೆ ಜಾರಿ, ಸದ್ದಿಲ್ಲದೆ ಪೊದೆಯ ನೆರಳಿಗೆ ಸರಿಯುತ್ತಿತ್ತು. ಇದರಲ್ಲಿ ಪವಾಡವಿರಲಿಲ್ಲ. ಆ ಕಾಲದಲ್ಲಿ ಪೆಟ್ಟಿನ ಹಿಂದೆಯೇ ಬಟ್ಟೆ ಒಗೆಯುವವರು, ಎಮ್ಮೆ ಮೀಯಿಸುವವರು, ದೋಣಿಯ ಹುಟ್ಟು, ಮಕ್ಕಳ ಬೊಬ್ಬೆ ಎಲ್ಲವೂ ನೀರಿಗೆ ಬೀಳುತ್ತಿದ್ದವು. ಶಾಂತಿಯನ್ನು ಬಯಸುವ ಯಾವ ಪ್ರಾಣಿಯಾದರೂ ಎದ್ದು ಹೋಗುತ್ತಿತ್ತು, ನಾನಾದರೂ ಹೋಗುತ್ತಿದ್ದೆ.

ಅರುವತ್ತು ವರ್ಷಗಳಿಗೂ ಮಿಕ್ಕಿ ನಾನು ಆ ಮಡುವಿನಲ್ಲಿ ಈಜಿದ್ದೇನೆ. ಉದ್ದಕ್ಕೂ ಅದೇ ಮೊಸಳೆ ಇತ್ತೋ, ನಡುವೆ ವಾರಸುದಾರರು ಬಂದರೋ ಹೇಳಲಾರೆ. ಹಕ್ಕು ಮಾತ್ರ ಅನೂಚಾನವಾಗಿ ನಡೆದುಬಂದಿದೆ. ನನ್ನ ಪಾಲಿನ ನೀರಿಗೆ ನಾನೇ ಗಡಿ ಹಾಕಿಕೊಂಡಿದ್ದೆ: ಮೂಡಕ್ಕೆ ಕರಿಬಂಡೆ, ಪಡುವಕ್ಕೆ ಹಳೆಯ ಕಡವಿನ ಕಲ್ಲುಕಂಬ, ತೆಂಕಕ್ಕೆ ನನ್ನ ಮೆಟ್ಟಿಲು, ಬಡಗಕ್ಕೆ ಹೊಳೆಯ ನಡು. ಮಳೆಗಾಲದ ಕೆಂಪು ನೀರಿಗೆ ಇಳಿಯುತ್ತಿರಲಿಲ್ಲ. ಹೊತ್ತು ಕಂತಿದ ಮೇಲೆ ಇಳಿಯುತ್ತಿರಲಿಲ್ಲ. ಈ ಗಡಿಯನ್ನು ನಾನೂ ಮೀರಲಿಲ್ಲ, ಅದೂ ಮೀರಲಿಲ್ಲ. ನಾನು ಬರೆದ ದಸ್ತಾವೇಜುಗಳಲ್ಲಿ ಎರಡೂ ಕಡೆಯವರು ಇಷ್ಟು ನಿಷ್ಠೆಯಿಂದ ನಡೆಸಿಕೊಟ್ಟದ್ದು ಇದೊಂದೇ, ಮತ್ತು ಇದನ್ನು ನಾನು ಬರೆದಿರಲೂ ಇಲ್ಲ.

ಸೇತುವೆ ಬಂತು, ಕಡವು ನಿಂತಿತು, ಮುದುಕ ತೀರಿಹೋದ. ಮನೆಮನೆಗೆ ಕೊಳವೆಬಾವಿ ಬಂದು ಜನ ಹೊಳೆಗೆ ಬೆನ್ನು ಹಾಕಿದರು. ಹೊಸ ಮನೆಗಳಲ್ಲಿ ಹೊಳೆಯ ಕಡೆಗೆ ಇರುವುದು ಬಚ್ಚಲಿನ ಕಿಟಕಿ ಮಾತ್ರ. ಹೀಗಾಗಿ ಮಡುವಿನಲ್ಲಿ ಉಳಿದವರು ನಾವಿಬ್ಬರೇ. ಆಮೇಲೆ ರಜಾದಿನಗಳಲ್ಲಿ ಹೊರಗಿನವರು ಕಾರಿನಲ್ಲಿ ಬಂದು, ಬಾಗಿಲು ತಟ್ಟದೆ, ನೇರವಾಗಿ ನೀರಿಗೆ ಹಾರತೊಡಗಿದರು. ಎಚ್ಚರಿಕೆಯ ಒಂದು ಬೋರ್ಡು ಹಾಕಿಸಬೇಕೆಂದು ನಾನು ಅರ್ಜಿ ಬರೆದದ್ದು ಆಗ. ಕನ್ನಡದಲ್ಲಿ ಬರೆದ ಅರ್ಜಿಗೆ ಮಲಯಾಳದಲ್ಲಿ ಉತ್ತರ ಬಂತು. ಅದನ್ನು ಒಂದು ಪಕ್ಕಕ್ಕಿಡೋಣ. ಸದರಿ ಹೊಳೆಯಲ್ಲಿ ಮೊಸಳೆ ಇರುವುದು ತಿಳಿದಿಲ್ಲ, ಅರ್ಜಿದಾರರು ಉಡವನ್ನು ಕಂಡಿರಬಹುದು ಎಂದು ಅದರಲ್ಲಿತ್ತು. ಉಡಕ್ಕೂ ಮೊಸಳೆಗೂ ವ್ಯತ್ಯಾಸ ತಿಳಿಯದೆ ಅದರ ಜೊತೆ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಈಜಿದವನೆಂದು ನನ್ನ ಬಗ್ಗೆ ಒಂದು ಕಚೇರಿಯ ಅಭಿಪ್ರಾಯ. ಆ ಕಾಗದ ನನ್ನ ಬಳಿ ಇದೆ. ದಿನಾಂಕವೂ ಇದೆ, ಇಲ್ಲಿ ಬೇಡ.

ಇನ್ನು ಅಂಗಡಿಯವನ ವಿಷಯ. ಹತ್ತು ವರ್ಷ ಗಲ್ಫಿನಲ್ಲಿ ದುಡಿದು ಬಂದವನು, ಸೇತುವೆಯ ಬುಡದಲ್ಲಿ, ನನ್ನ ಮೆಟ್ಟಿಲಿನಿಂದ ಇನ್ನೂರು ಹೆಜ್ಜೆ ದೂರದಲ್ಲಿ, ಚಹಾದಂಗಡಿ ಇಟ್ಟ. ಒಂದು ಬೆಳಿಗ್ಗೆ ನಾನು ಈಜಿ ಬರುತ್ತಿರುವಾಗ ಕರೆದು, ಕೈಗೆ ಚಹಾ ಕೊಟ್ಟು, ಬೆಂಚಿನ ಮೇಲೆ ಕೂರಿಸಿದ.

"ರೈಟ್ರೆ, ನೀವು ದಿನಾ ಮೂರು ಸಲ ನೀರಿಗೆ ಬಡಿಯುದು ಎಂತಕ್ಕೆ?"

ಇಪ್ಪತ್ತು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಕೇಳಿದವನು ಅವನೊಬ್ಬನೇ. ನಾನು ಕಡವಿನ ಮುದುಕನಿಂದ ಹಿಡಿದು ಕೇದಗೆಯ ಪೊದೆಯವರೆಗೆ ಸಕಲವನ್ನೂ ವಿವರಿಸಿದೆ. ಪೆಟ್ಟು ಹೇಗೆ ಬೀಳಬೇಕು, ಕೊತ್ತಳಿಗೆಯ ಯಾವ ಬದಿ ಕೆಳಗಿರಬೇಕು ಎಂದು ತೋರಿಸಿದೆ. ಮರುದಿನ ಒಳ್ಳೆಯ ಒಣಗಿದ ಕೊತ್ತಳಿಗೆಯೊಂದನ್ನು ಅವನಿಗೆ ಕೊಟ್ಟೂ ಬಂದೆ. ಇದನ್ನು ಮುಚ್ಚಿಡುವುದಿಲ್ಲ, ಮುಂದೆ ಇದರ ಅಗತ್ಯ ಬೀಳುತ್ತದೆ.

ಅದೇ ವಾರ ಅವನು ಸೇತುವೆಯ ಮೇಲಿನಿಂದ ನನ್ನ ವಿಡಿಯೊ ತೆಗೆದು ಲೋಕಕ್ಕೆಲ್ಲ ಹಂಚಿದ. ಅದರಲ್ಲಿ ಮೊಸಳೆ ಜಾರುತ್ತದೆ, ಒಂದು ಬೋಳು ತಲೆ ನೀರಿನಲ್ಲಿ ಮುಂದೆ ಹೋಗುತ್ತದೆ. ಕೆಳಗೆ ಜನರ ಅಭಿಪ್ರಾಯಗಳಿದ್ದವು. ನನ್ನ ಹೆಂಡತಿ ಅವುಗಳನ್ನು ನಗುತ್ತಾ ಓದಿದಳು: "ಈ ಅಜ್ಜನಿಗೆ ಮನೆಯಲ್ಲಿ ಬಾತ್‌ರೂಮ್ ಇಲ್ವಾ?" "ಮೊಸಳೆ ಪಾಪ, ಹೆದರಿ ಓಡ್ತಾ ಉಂಟು." "ಅಜ್ಜ ಹುಚ್ಚನಾ, ಮೊಸಳೆ ಹುಚ್ಚಾ?" ಕೊನೆಯದನ್ನು ಅಂಗಡಿಯವನು ಮೆಚ್ಚಿ ಹೃದಯದ ಗುರುತು ಒತ್ತಿದ್ದ. ಅಂದಿನಿಂದ ಆ ಅಂಗಡಿಯ ಸುದ್ದಿಯನ್ನು ನನ್ನ ಮನೆಯಲ್ಲಿ ಎತ್ತಕೂಡದೆಂದು ಆಜ್ಞೆ ಮಾಡಿದೆ. ಬಸ್ಸಿಗೂ ಅದರ ಮುಂದಿನಿಂದ ಹೋಗದೆ, ನೆರೆಯವರ ತೋಟ ಸುತ್ತಿ ಮುಂದಿನ ಸ್ಟಾಪಿಗೆ ನಡೆಯತೊಡಗಿದೆ. ನಾಲ್ಕು ತಿಂಗಳು ಸೇತುವೆಯ ಕಡೆಗೆ ಕತ್ತು ತಿರುಗಿಸಲಿಲ್ಲ.

ವಿಡಿಯೊ ಬಂದ ಮೇಲೆ ಮೊಸಳೆ ಇದೆಯೆಂದು ಎಲ್ಲರಿಗೂ ಗೊತ್ತಾಯಿತು. ವಾರ್ಡ್ ಮೆಂಬರ್, ಚುರುಕಾದ ಹೆಂಗಸು, ಹದಿನೈದೇ ದಿನದಲ್ಲಿ ಬೋರ್ಡು ತರಿಸಿದರು. ಅದರಲ್ಲಿ ಮಲಯಾಳವಿತ್ತು, ಇಂಗ್ಲಿಷ್ ಇತ್ತು. ಕನ್ನಡಕ್ಕೆ ಜಾಗ ಸಾಲದಾಯಿತಂತೆ. ನಾನು ಬಣ್ಣ ತಂದು, ಅಂಚಿನಲ್ಲಿ, ದಸ್ತಾವೇಜಿನ ಅಕ್ಷರದಲ್ಲಿ ಬರೆದೆ: ಮೊಸಳೆ ಇದೆ, ನೀರಿಗೆ ಇಳಿಯಬಾರದು. ಬರೆದು ಮುಗಿಸಿ, ಕುಂಚ ತೊಳೆದು, ಎಂದಿನಂತೆ ನೀರಿಗೆ ಇಳಿದೆ.

ಮಾರ್ಚಿನ ಒಂದು ಬೆಳಿಗ್ಗೆ ಮೂರು ಪೆಟ್ಟು ಬಡಿದೆ, ನೂರು ಎಣಿಸಿದೆ. ಎದುರು ದಡದಲ್ಲಿ ಮೊಸಳೆ ಕಾಣಲಿಲ್ಲ. ಮೊದಲೇ ಪೊದೆಗೆ ಹೋಗಿರಬೇಕೆಂದುಕೊಂಡೆ. ಕರಿಬಂಡೆಗೆ ಇನ್ನು ಹತ್ತು ಕೈ ಇರುವಾಗ ಪಡುವ ಕಡೆಯಿಂದ ನೀರಿನ ಮೇಲೆ ಒಂದು ಗೆರೆ ಬರುವುದು ಕಂಡಿತು. ಗೆರೆಯ ತುದಿಯಲ್ಲಿ ಎರಡು ಕಣ್ಣುಗಳಿದ್ದವು. ಅದು ಅವಸರದಲ್ಲಿರಲಿಲ್ಲ, ಆದರೆ ನೇರವಾಗಿ ನನ್ನ ಕಡೆಗೇ ಬರುತ್ತಿತ್ತು. ನಾನು ಉಳಿದ ಹತ್ತು ಕೈಗಳನ್ನು ಹೇಗೆ ಹಾಕಿದೆನೋ ತಿಳಿಯದು; ಬಂಡೆ ಹತ್ತುವಾಗ ಮೊಣಕಾಲಿನ ಚರ್ಮ ಕಿತ್ತುಹೋದದ್ದು ಆಮೇಲೆ ತಿಳಿಯಿತು. ಅದು ಬಂಡೆಯ ಬುಡಕ್ಕೆ ಬಂದು, ನಾಲ್ಕು ಅಡಿ ಕೆಳಗೆ, ಬಾಯಿಯನ್ನು ಒಂದು ಗೇಣು ತೆರೆದು ನಿಂತಿತು. ಸಿಟ್ಟಿನ ಲಕ್ಷಣವೇನೂ ಇರಲಿಲ್ಲ. ಕಚೇರಿಯಿಂದ ಕರೆ ಬಂದು ಕುಂಬಳೆಯವರೆಗೆ ಬಂದ ಮನುಷ್ಯ ಕೌಂಟರಿನ ಮುಂದೆ ನಿಲ್ಲುವಂತೆ ನಿಂತಿತ್ತು. ಆ ಮಡುವಿನಲ್ಲಿ ನಾನು ಹೆದರಿದ್ದು ಅದೇ ಮೊದಲು. ಎರಡೂ ಕೈಗಳಿಂದ ಬಂಡೆಯನ್ನು ಹಿಡಿದುಕೊಂಡೆ.

ಕಾಫಿ ಆರಿತೆಂದು ಹೆಂಡತಿ ಮೆಟ್ಟಿಲಿಗೆ ಬಂದಳು.

"ಎಂತ, ಬಂಡೆ ಮೇಲೆ ಕೂತು ಎಂತ ಮಾಡ್ತೀರಿ?"

"ಕೆಳಗೆ ನೋಡು."

ನೋಡಿದಳು. "ದೇವರೇ! ಅದು ಎಂತಕ್ಕೆ ಇತ್ಲಾಗಿ ಬಂತು?"

"ಅದನ್ನೇ ನಾನೂ ಯೋಚನೆ ಮಾಡ್ತಾ ಇದ್ದೇನೆ. ಮೂರು ಪೆಟ್ಟು ಸರಿಯಾಗಿ ಬಡಿದಿದ್ದೇನೆ."

"ಅದಕ್ಕೇ ಬಂದದ್ದು! ಅಂಗಡಿಯವ ದಿನಾ ಸಂಜೆ ಹಾಗೇ ಬಡಿದು ಕೋಳಿ ಹಾಕುದು ಅದಕ್ಕೆ. ನೋಡ್ಲಿಕ್ಕೆ ಜನ ತುಂಬ್ತಾರೆ. ಊರಿಗೆಲ್ಲ ಗೊತ್ತುಂಟು."

"ನನಗೆ ಯಾಕೆ ಹೇಳ್ಲಿಲ್ಲ?"

"ಆ ಅಂಗಡಿ ಸುದ್ದಿ ಮನೆಯಲ್ಲಿ ಎತ್ತಬಾರದು ಹೇಳಿದ್ದು ಯಾರು? ನಾನಾ?"

ಹೊರಟುಹೋಗು ಎಂಬ ಸದ್ದನ್ನು ಆ ಮನುಷ್ಯ ನಾಲ್ಕು ತಿಂಗಳಲ್ಲಿ ಊಟಕ್ಕೆ ಬಾ ಎಂಬ ಸದ್ದಾಗಿ ಮಾಡಿದ್ದ. ನನ್ನದೇ ಕೊತ್ತಳಿಗೆಯಿಂದ.

"ಅವನನ್ನೇ ಕರೀತೇನೆ," ಎಂದಳು.

"ಬೇಡ."

"ಬೇಡವಾದ್ರೆ ಅಲ್ಲೇ ಕೂತ್ಕೊಳ್ಳಿ. ಮಧ್ಯಾಹ್ನದ ಊಟ ಬಂಡೆಗೆ ಬರುದಿಲ್ಲ."

ಮೊಸಳೆ ಬಾಯಿ ಮುಚ್ಚಿ ಮತ್ತೆ ತೆರೆಯಿತು. "ಕರೆ," ಎಂದೆ.

ಅವನು ಲುಂಗಿ ಎತ್ತಿ ಕಟ್ಟಿಕೊಂಡು ಓಡಿಬಂದ. ನನ್ನನ್ನು ಕಂಡ, ಅದನ್ನು ಕಂಡ, ಬಂದ ದಾರಿಯಲ್ಲೇ ಮರಳಿ ಓಡಿದ. ಎರಡು ನಿಮಿಷದಲ್ಲಿ ಸೇತುವೆಯ ಕಡೆಯಿಂದ ಮೂರು ಪೆಟ್ಟು ಕೇಳಿಸಿತು. ಹೊಡೆತ ಸರಿಯಾಗಿತ್ತು, ನಾನು ಕಲಿಸಿದ ಹಾಗೆಯೇ ಇತ್ತು. ಮೊಸಳೆ ತಿರುಗಿ ಅತ್ತ ಹೋಯಿತು. ನಾನು ಮೆಟ್ಟಿಲಿಗೆ ಈಜಿದೆ. ಅವನು ಅಂದು ವಿಡಿಯೊ ತೆಗೆಯಲಿಲ್ಲ. ಅವನ ವಿರುದ್ಧ ಬರೆದಿಟ್ಟದ್ದೆಲ್ಲ ಇರುವಾಗ ಇದನ್ನೂ ಬರೆದಿಡುವುದು ನ್ಯಾಯ.

ಸುದ್ದಿ ಹರಡಲು ಮಧ್ಯಾಹ್ನದವರೆಗೂ ಬೇಕಾಗಲಿಲ್ಲ. ಮರುದಿನ ವಾರ್ಡ್ ಮೆಂಬರ್ ಅರಣ್ಯ ಇಲಾಖೆಯ ಒಬ್ಬ ಯುವ ಅಧಿಕಾರಿಯನ್ನು ಕರೆದುಕೊಂಡು ಬಂದು ನಮ್ಮ ಜಗಲಿಯಲ್ಲಿ ಕುಳಿತರು. ಅಂಗಡಿಯವನು ಅಂಗಳದಲ್ಲೇ ನಿಂತ; ಮೇಲೆ ಬರಲಿಲ್ಲ.

"ಸರ್, ಒಂದು ಸ್ಟೇಟ್‌ಮೆಂಟ್ ಬೇಕು," ಎಂದ ಅಧಿಕಾರಿ. "ನಿಮ್ಮ ಮೇಲೆ ಅಟ್ಯಾಕ್ ಆಗಿದೆ ಅಂತಿದ್ರೆ, ಕಬ್ಬಿಣದ ಗೂಡು ಇಟ್ಟು ಹಿಡಿದು ದೂರ ಸಾಗಿಸುದು. ಅಲ್ಲ, ಯಾರೋ ತಿನ್ನಿಸಿ ಅಭ್ಯಾಸ ಮಾಡಿಸಿದ್ದು ಅಂತಿದ್ರೆ, ಅವರ ಮೇಲೆ ಕೇಸ್."

"ಅಟ್ಯಾಕ್ ಅಂತಲೇ ಬರೀರಿ ಅಣ್ಣ," ಎಂದರು ಮೆಂಬರ್. "ನಾಳೆ ಯಾರದ್ದಾದ್ರೂ ಕಾಲು ಹೋದ್ರೆ ಜನ ಬೈಯುದು ನನ್ನನ್ನು."

ಮೊಸಳೆ ಇದೆಯೆಂದು ಸಾಧಿಸಲು ಅಷ್ಟು ವರ್ಷ ಕಾಗದ ಸವೆಸಿದವನ ಮುಂದೆ, ಅದನ್ನು ಇಲ್ಲದಂತೆ ಮಾಡುವ ಕಾಗದ ಬಂದು ಬಿದ್ದಿತ್ತು. ಒಂದು ಸಾಲು ಬರೆದರೆ ಮಡು ಬರಿದಾಗುತ್ತದೆ. ಇನ್ನೊಂದು ಸಾಲು ಬರೆದರೆ ಅಂಗಡಿಯವನ ಹೃದಯದ ಗುರುತಿಗೆ ನಾಲ್ಕು ತಿಂಗಳ ಬಡ್ಡಿ ಸಮೇತ ಉತ್ತರ ಸಲ್ಲುತ್ತದೆ. ಎರಡನೆಯದನ್ನು ಬರೆಯಲು ನನ್ನ ಕೈ ಎಷ್ಟು ಹವಣಿಸಿತೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ದಸ್ತಾವೇಜು ಬರೆಯುವವನು ವಸ್ತು ಎಲ್ಲಿಂದ ಬಂತೆಂಬುದನ್ನು ಬಿಟ್ಟು ಬರೆಯುವಂತಿಲ್ಲ. ನಾನು ಬರೆದುಕೊಟ್ಟದ್ದು ಹೀಗೆ: ಮೊಸಳೆ ನನ್ನ ಮೇಲೆ ಎರಗಿಲ್ಲ. ನಾನು ನೀರಿಗೆ ಬಡಿದದ್ದನ್ನು ಅದು ಕರೆಯೆಂದು ತಿಳಿದು ಬಂದಿತು. ಬಡಿಯುವ ಕ್ರಮವನ್ನು ಅಂಗಡಿಯವನಿಗೆ ಹೇಳಿಕೊಟ್ಟವನು ನಾನು. ಕೊತ್ತಳಿಗೆ ಕೊಟ್ಟವನೂ ನಾನೇ. ಈ ಅಭ್ಯಾಸವನ್ನು ಬಿಡಿಸಲು ಕಾಲಾವಕಾಶ ಕೊಡಬೇಕಾಗಿ ವಿನಂತಿ.

ಅಧಿಕಾರಿ ಕನ್ನಡ ಓದಬಲ್ಲವನಾಗಿದ್ದ. ಎರಡು ಸಲ ಓದಿದ. "ಮಳೆ ಹಿಡಿಯುವವರೆಗೆ ನೋಡುವ," ಎಂದ. "ತಿನ್ನಿಸುದು ಇವತ್ತಿನಿಂದಲೇ ಬಂದ್. ಮಳೆಗೆ ಮೊದಲು ಬರ್ತೇನೆ. ಬಡಿದಾಗ ಅದು ಬಂತು ಅಂತಾದ್ರೆ ಗೂಡೇ."

ಹೀಗೆ, ಸಂಜೆ ಐದೂವರೆಗೆ, ಅಂಗಡಿಯವನು ತಿನ್ನಿಸುತ್ತಿದ್ದ ಹೊತ್ತಿಗೆ, ಅವನು ತಿನ್ನಿಸುತ್ತಿದ್ದ ಕಲ್ಲಿನ ಮೇಲೆ ನಾವಿಬ್ಬರೂ ಕೂರತೊಡಗಿದೆವು. ನಾನು ಒಮ್ಮೆ, ಅವನು ಒಮ್ಮೆ, ಸರದಿಯಲ್ಲಿ ಬಡಿಯುವುದು. ಏನೂ ಹಾಕದೆ ಸುಮ್ಮನೆ ಕೂರುವುದು. ಬೆಳಿಗ್ಗೆ ನನ್ನ ಮೆಟ್ಟಿಲಿನಲ್ಲಿ ನಾನು ಅದನ್ನೇ ಮಾಡುತ್ತಿದ್ದೆ. ಮೊದಲ ವಾರ ಅದು ಬಂದು, ಕಲ್ಲಿನ ಕೆಳಗೆ ಬಾಯಿ ತೆರೆದು, ಕತ್ತಲಾಗುವವರೆಗೆ ಕಾದಿತು. ಅಂಗಡಿಯವನಿಗೆ ತಡೆಯಲಾಗಲಿಲ್ಲ.

"ಪಾಪ ರೈಟ್ರೆ, ಹೇಗೆ ನೋಡ್ತದೆ ನೋಡಿ. ಒಂದು ಕೋಳಿ ಕಾಲು ಹಾಕ್ಲಾ? ಸಣ್ಣದು?"

"ಹಾಕು. ಮತ್ತೆ ಗೂಡಿಗೂ ನೀನೇ ಹೊತ್ತುಕೊಂಡು ಹೋಗಿ ಹಾಕು."

ಅವನು ಕೊತ್ತಳಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡ. "ನನ್ನ ಮೇಲೆ ಇನ್ನೂ ಸಿಟ್ಟುಂಟಾ?"

"ಉಂಟು."

"ವಿಡಿಯೊ ತೆಗೆದುಹಾಕಿ ಆಯ್ತಲ್ಲ."

"ಎಲ್ಲರೂ ನೋಡಿ ಮುಗಿದ ಮೇಲೆ."

"ಚಾ ತರ್ಲಾ?"

"ಸಕ್ಕರೆ ಹಾಕಬೇಡ."

ಎರಡನೆಯ ವಾರದಿಂದ ಅದು ಬಂದರೂ ಬೇಗ ತಿರುಗಿಹೋಗುತ್ತಿತ್ತು. ಆಮೇಲೆ ಹೊಳೆಯ ನಡುವಿನವರೆಗೆ ಬಂದು, ಕಣ್ಣಷ್ಟೇ ಮೇಲಿಟ್ಟು, ನಮ್ಮನ್ನು ನೋಡಿ ಮುಳುಗುತ್ತಿತ್ತು. ಅಂಗಡಿಯ ಮುಂದೆ ಜನ ಕಡಿಮೆಯಾದರು. ಮೊಸಳೆ ಬಾರದ ಊರಿಗೆ ನಾವೇಕೆ ಬರಬೇಕೆಂದು ಒಬ್ಬ ಅವನಲ್ಲಿ ಜಗಳವನ್ನೇ ಮಾಡಿದನಂತೆ. ಅವನು ಎದುರಾಡಲಿಲ್ಲವೆಂದು ಹೆಂಡತಿ ಹೇಳಿದಳು. ಈಗ ಆ ಸುದ್ದಿಗೆ ನಿಷೇಧವಿಲ್ಲ.

ಮೇ ಕೊನೆಗೆ, ಪಡುವಣ ಆಕಾಶ ಕಪ್ಪಾಗುವ ದಿನಗಳಲ್ಲಿ, ಅಧಿಕಾರಿ ಬಂದ. ಮೊಸಳೆ ಎದುರು ದಡದಲ್ಲಿ ಮಲಗಿತ್ತು. ನಾನು ಬಡಿದೆ. ಅಂಗಡಿಯವನು ಬಡಿದ. ಅಧಿಕಾರಿ ತಾನೇ ಕೊತ್ತಳಿಗೆ ಪಡೆದು, ತಪ್ಪು ಬದಿಯಿಂದ, ಮೂರು ಪೆಟ್ಟು ಬಡಿದ. ಅದು ಅಲುಗಲಿಲ್ಲ.

"ಗೆದ್ದೆವು ರೈಟ್ರೆ!" ಎಂದು ಅಂಗಡಿಯವನು ನನ್ನ ಕೈ ಹಿಡಿದುಕೊಂಡ. ಅಧಿಕಾರಿ ಏನನ್ನೋ ಬರೆದುಕೊಂಡು, ಮೊಸಳೆ ಇಲ್ಲೇ ಇರಲಿ ಎಂದು ಹೇಳಿ ಹೊರಟ. ವಾರ್ಡ್ ಮೆಂಬರ್ ಸಿಹಿ ಹಂಚಿದರು. ಮೊಸಳೆಯನ್ನು ಉಳಿಸಿದ್ದು ವಾರ್ಡಿನ ಸಾಧನೆಯೆಂದು ಎರಡು ದಿನಗಳ ಬಳಿಕ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ನನ್ನ ಪ್ರಸ್ತಾಪ ಅದರಲ್ಲಿರಲಿಲ್ಲ. ಆ ತುಂಡು ಕಾಗದವೂ ನನ್ನ ಫೈಲಿನಲ್ಲಿದೆ.

ನಾನು ಮಾತ್ರ ಎದುರು ದಡವನ್ನು ನೋಡುತ್ತಾ ನಿಂತಿದ್ದೆ. ಅದು ನಮ್ಮ ಕಡೆಗೆ ಬರಲಿಲ್ಲ, ನಿಜ. ಆದರೆ ಕೇದಗೆಯ ಪೊದೆಗೂ ಹೋಗಲಿಲ್ಲ. ಮೂವರು ಒಂಬತ್ತು ಪೆಟ್ಟು ಬಡಿದರೂ ಅದರ ಕಣ್ಣು ಮುಚ್ಚಿಯೇ ಇತ್ತು. ಎರಡು ತಿಂಗಳು ಕುಳಿತು ನಾವು ಅದಕ್ಕೆ ಕಲಿಸಿದ್ದು ಒಂದೇ: ಈ ಸದ್ದಿಗೆ ಅರ್ಥವಿಲ್ಲ. ಕಡವಿನ ಮುದುಕನಿಂದ ನನ್ನವರೆಗೆ ಬಂದ ಮಾತನ್ನು ನಾನೇ ಕೈಯಾರೆ ಒರೆಸಿ ಹಾಕಿದ್ದೆ. ಹೋಗೆಂದರೆ ಅದು ಹೋಗುವುದೋ ಇಲ್ಲವೋ ಎಂದು ತಿಳಿಯದ ನೀರಿಗೆ ಇಳಿಯುವಷ್ಟು ಹುಚ್ಚ ನಾನಲ್ಲ. ವಿಡಿಯೊದ ಕೆಳಗೆ ಬರೆದವರು ಇದನ್ನು ಗಮನಿಸಬೇಕು.

ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ನಾನು ಮೆಟ್ಟಿಲಿನ ಮೇಲೆ ಕುಳಿತು ತಾಮ್ರದ ಚೊಂಬಿನಿಂದ ಮೀಯುತ್ತಿದ್ದೇನೆ. ಮೊದಲು ಮೂರು ಪೆಟ್ಟು ಬಡಿಯುತ್ತೇನೆ, ನೂರು ಎಣಿಸುತ್ತೇನೆ, ಬಳಿಕ ಹಳೆಯ ಕಡವಿನ ಗದ್ದಲವನ್ನೆಲ್ಲ ನಾನೊಬ್ಬನೇ ಮಾಡುತ್ತೇನೆ. ಬಟ್ಟೆಯನ್ನು ಕಲ್ಲಿಗೆ ಅಪ್ಪಳಿಸುತ್ತೇನೆ, ಚೊಂಬು ಬಡಿಯುತ್ತೇನೆ, ನೀರು ಎರಚುತ್ತೇನೆ. ಹೆಂಡತಿ ಆ ಮಾರ್ಚಿನಿಂದ ನನ್ನನ್ನು ಒಬ್ಬನನ್ನೇ ಹೊಳೆಗೆ ಬಿಡುವುದಿಲ್ಲ. ಟವೆಲ್ ಹಿಡಿದು ಮೇಲಿನ ಮೆಟ್ಟಿಲಿನಲ್ಲಿ ಕೂರುತ್ತಾಳೆ.

"ಒಂದು ಚೊಂಬು ನೀರಿಗೆ ಇಷ್ಟು ಗಲಾಟೆಯಾ?" ಎನ್ನುತ್ತಾಳೆ.

ಮೊನ್ನೆ ಮೂರನೆಯ ಪೆಟ್ಟಿಗೆ ಅದು ಕಣ್ಣು ತೆರೆಯಿತು. ನಾನು ಬಟ್ಟೆ ಅಪ್ಪಳಿಸಿದೆ. ಅದು ಹೊಟ್ಟೆಯನ್ನು ಎಳೆದುಕೊಂಡು ಕೇದಗೆಯ ಕಡೆಗೆ ಸರಿದು, ಮತ್ತೆ ಮಲಗಿತು. ನಾನು ಚೊಂಬನ್ನು ಕಲ್ಲಿನ ಮೇಲಿಟ್ಟು ಎದ್ದು ನಿಂತೆ.

"ಎಷ್ಟು ಸರಿಯಿತು?" ಎಂದಳು ಹಿಂದಿನಿಂದ.

"ಒಂದು ಮೊಳ."

"ಒಂದು ಮೊಳ ಸಾಕಾಗುದಿಲ್ಲ. ಕೂತು ಮೀಯಿರಿ."

ನಾನು ಕುಳಿತು ಚೊಂಬು ತೆಗೆದುಕೊಂಡೆ.